ಎರಡು ದೋಣಿಗಳಲ್ಲಿ ಕಾಲಿಟ್ಟವನು

ಎರಡು ದೋಣಿಗಳಲ್ಲಿ ಕಾಲಿಟ್ಟವನ ಗತಿ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಗಾದೆಯಲ್ಲಿ ಹೇಳಿಟ್ಟು ಹೋಗಿದ್ದಾರೆ. ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಆದರೆ ಗಾದೆಗಳಿಗೆ ಒಂದು ಸ್ವಭಾವವುಂಟು. ದೋಣಿಯ ಮಾತನ್ನು ಆಡುತ್ತವೆ, ಹೊಳೆಯ ಮಾತನ್ನು ಆಡುವುದಿಲ್ಲ. ಚಪಲಕ್ಕಾಗಿ ಎರಡು ದೋಣಿ ಹತ್ತುವವರು ಇದ್ದಾರೆ, ನಿಜ. ಒಂದೇ ದೋಣಿಯನ್ನು ನಂಬಿದರೆ ದಡ ಮುಟ್ಟುವಂತಿಲ್ಲವೆಂದು ತಿಳಿದು ಎರಡಕ್ಕೂ ಕಾಲು ಚಾಚುವವರೂ ಇದ್ದಾರೆ. ಈ ಎರಡನೆಯ ಬಗೆಯವರನ್ನು ಚಪಲರ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಇಂಗ್ಲೆಂಡಿನ ಕ್ರೀಡಾ ಚರಿತ್ರೆಯಲ್ಲಿ ಬೇಸಿಗೆಗೆ ಕ್ರಿಕೆಟ್, ಚಳಿಗಾಲಕ್ಕೆ ಫುಟ್‌ಬಾಲ್ ಎಂದು ವರ್ಷವನ್ನು ಎರಡು ಪಾಲು ಮಾಡಿಕೊಂಡು ಬದುಕಿದವರ ಒಂದು ಸಂತತಿಯೇ ಇತ್ತು. ಡೆನಿಸ್ ಕಾಂಪ್ಟನ್ನನ ಹೆಸರನ್ನು ನಮ್ಮ ಓದುಗರು ಕೇಳಿಯೇ ಇರುತ್ತಾರೆ. ಲಾರ್ಡ್ಸ್ ಮೈದಾನದಲ್ಲಿ ಬ್ಯಾಟು ಬೀಸಿದ ಆತನೇ 1950ರಲ್ಲಿ ಆರ್ಸೆನಲ್ ತಂಡದೊಡನೆ ಎಫ್.ಎ. ಕಪ್ಪನ್ನೂ ಗೆದ್ದ. ಕಾಂಪ್ಟನ್ನನ ಕೀರ್ತಿಗೆ ನನ್ನ ಬರಹದ ಆಸರೆ ಬೇಕಿಲ್ಲ. ನಾನಿಲ್ಲಿ ನೆನೆಯಹೊರಟಿರುವುದು ಆತನಷ್ಟು ಬೆಳಕಿಗೆ ಬಾರದ ವೇಲ್ಸಿನ ಒಬ್ಬನನ್ನು. ಅವನ ಹೆಸರು ಆಲನ್ ವಾಟ್ಕಿನ್ಸ್. ಭಾರತದ ಟೆಸ್ಟ್ ಚರಿತ್ರೆಯಲ್ಲಿಯೂ ಈತನಿಗೆ ಒಂದು ಸ್ಥಾನವಿದೆ. ಅದು ನಾವು ಬಯಸಿ ಕೊಟ್ಟ ಸ್ಥಾನವಲ್ಲ, ಆತ ಒಂಬತ್ತು ಗಂಟೆ ಕಾಲ ನಿಂತು ಪಡೆದ ಸ್ಥಾನ.

ವಾಟ್ಕಿನ್ಸ್ ಹುಟ್ಟಿದ್ದು 1922ರ ಏಪ್ರಿಲ್ 21ರಂದು, ಅಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ. ಅದೇ ಹೆಸರಿನ ನದಿಯ ದಡದಲ್ಲಿರುವ ಈ ಊರು ಮಾನ್‌ಮತ್‌ಷೈರ್ ಎಂಬ ಕೌಂಟಿಗೆ ಸೇರಿದ್ದು. ಈ ಕೌಂಟಿಯ ಕಥೆಯೇ ಒಂದು ಒಗಟು. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿ ದೊರೆ ವೇಲ್ಸನ್ನು ಕಾಯಿದೆಯ ಮೂಲಕ ಇಂಗ್ಲೆಂಡಿಗೆ ಜೋಡಿಸಿದಾಗ, ಮಾನ್‌ಮತ್‌ಷೈರನ್ನು ವೇಲ್ಸಿನ ಉಳಿದ ಕೌಂಟಿಗಳಿಂದ ಬೇರ್ಪಡಿಸಿ ಇಂಗ್ಲೆಂಡಿನ ನ್ಯಾಯಮಂಡಲವೊಂದಕ್ಕೆ ಸೇರಿಸಿದರು. ಅಂದಿನಿಂದ ಅದು ವೇಲ್ಸೋ ಇಂಗ್ಲೆಂಡೋ ಎಂಬುದು ಬಗೆಹರಿಯದ ಪ್ರಶ್ನೆಯಾಯಿತು. ಸರ್ಕಾರದ ಕಾಗದಪತ್ರಗಳಲ್ಲಿ ‘ವೇಲ್ಸ್ ಮತ್ತು ಮಾನ್‌ಮತ್‌ಷೈರ್’ ಎಂಬ ಜೋಡಿಮಾತು ವಾಡಿಕೆಗೆ ಬಂತು. ಸೇರಿಸಿದಂತೆಯೂ ಆಯಿತು, ಬೇರೆಯೆಂದಂತೆಯೂ ಆಯಿತು! 1972ರಲ್ಲಿ ಆದ ಕಾಯಿದೆ 1974ರಲ್ಲಿ ಜಾರಿಗೆ ಬಂದಾಗಲೇ ಅದು ವೇಲ್ಸಿನದೆಂಬ ಮಾತು ಖಚಿತವಾದದ್ದು. ಆ ಹೊತ್ತಿಗೆ ವಾಟ್ಕಿನ್ಸನಿಗೆ ಐವತ್ತು ದಾಟಿತ್ತು, ಆಟದ ದಿನಗಳು ಮುಗಿದು ಹೋಗಿದ್ದುವು. ಎಂದರೆ, ಎರಡು ಆಟಗಳನ್ನು ಕಲಿಯುವುದಕ್ಕೆ ಮೊದಲೇ ಎರಡು ದೇಶಗಳ ಗಡಿಯ ಮೇಲೆ ಕಾಲಿಟ್ಟು ಹುಟ್ಟಿದವನು ಆತ.

ಇನ್ನು ಆಟಗಳ ಮಾತು. ಫುಟ್‌ಬಾಲಿನಲ್ಲಿ ವೇಲ್ಸ್ ಒಂದು ರಾಷ್ಟ್ರ. 1876ರಷ್ಟು ಹಿಂದೆಯೇ ಅದಕ್ಕೆ ತನ್ನದೇ ಸಂಸ್ಥೆ ಹುಟ್ಟಿತು; ಅದೇ ವರ್ಷ ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡಿನ ಮೇಲೆ ತನ್ನ ಮೊದಲ ಪಂದ್ಯವನ್ನು ಆಡಿತು, ಸೋತಿತು. ಸೋತರೇನು, ಸೋತದ್ದು ತನ್ನ ಹೆಸರಿನಲ್ಲಿ. ರಾಜಧಾನಿ ಕಾರ್ಡಿಫಿನ ತಂಡ 1927ರಲ್ಲಿ ಆರ್ಸೆನಲ್ಲನ್ನು ಸೋಲಿಸಿ ಎಫ್.ಎ. ಕಪ್ಪನ್ನು ಇಂಗ್ಲೆಂಡಿನಿಂದ ಹೊರಕ್ಕೆ ಒಯ್ದಿತು. ಇಂಗ್ಲೆಂಡಿನ ಹೊರಗಣ ತಂಡವೊಂದು ಆ ಕಪ್ಪನ್ನು ಗೆದ್ದದ್ದು ಅದೊಂದೇ ಸಲ. ಆಗ ವಾಟ್ಕಿನ್ಸ್ ಐದು ವರ್ಷದ ಹುಡುಗ.

ಕ್ರಿಕೆಟಿನಲ್ಲಿ ಹಾಗಲ್ಲ. ವೇಲ್ಸಿಗೆ ತನ್ನದೆಂಬ ಟೆಸ್ಟ್ ತಂಡವಿಲ್ಲ. ಗ್ಲಮಾರ್ಗನ್ ಎಂಬ ಕೌಂಟಿ ತಂಡವೊಂದು ಇಂಗ್ಲೆಂಡಿನ ಕೌಂಟಿಗಳ ನಡುವೆ ಆಡುತ್ತದೆ. 1888ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಪ್ರಥಮ ದರ್ಜೆಯ ಮನ್ನಣೆ ಸಿಕ್ಕಿದ್ದು 1921ರಲ್ಲಿ. ಆಗಿನ ಹದಿನೇಳು ಕೌಂಟಿಗಳಲ್ಲಿ ಪಂಕ್ತಿಗೆ ಕಡೆಯದಾಗಿ ಬಂದು ಕುಳಿತದ್ದು ಇದೇ. ಮಾನ್‌ಮತ್‌ಷೈರಿನ ಕ್ರಿಕೆಟ್ ಸಂಸ್ಥೆ 1930ರ ದಶಕದ ನಡುವೆ ಇದರಲ್ಲಿ ಲೀನವಾಯಿತು. ಹಾಗಾಗಿ ಅಸ್ಕಿನ ಹುಡುಗನಿಗೆ ಗ್ಲಮಾರ್ಗನ್ನಿನ ಬಾಗಿಲು ತೆರೆಯಿತು. ಆದರೆ ಅಲ್ಲಿಂದ ಮೇಲಕ್ಕೆ ಏರಬೇಕಾದರೆ ಇರುವುದು ಒಂದೇ ಮೆಟ್ಟಿಲು, ಅದರ ಹೆಸರು ಇಂಗ್ಲೆಂಡ್. ಕಾಲಿಂದ ಚೆಂಡು ಒದೆಯುವಾಗ ವೇಲ್ಸಿನವನಾಗಬಲ್ಲವನು ಕೈಯಲ್ಲಿ ಬ್ಯಾಟು ಹಿಡಿದೊಡನೆ ಇಂಗ್ಲೆಂಡಿನವನಾಗಬೇಕು. ಈ ವಿಚಿತ್ರವನ್ನು ಆ ನಾಡಿನ ಆಟಗಾರರು ತಲೆಮಾರುಗಳಿಂದ ಹೊತ್ತು ಬಂದಿದ್ದಾರೆ.

ಒಬ್ಬನೇ ಮನುಷ್ಯ ಎರಡು ಆಟಗಳನ್ನು ಆಡುವುದಾದರೂ ಹೇಗೆ ಎಂದು ಈಗಿನವರು ಕೇಳಬಹುದು. ಅದಕ್ಕೆ ಅನುಕೂಲ ಮಾಡಿಕೊಟ್ಟದ್ದು ಪಂಚಾಂಗ. ಅಲ್ಲಿನ ಕ್ರಿಕೆಟ್ ಮೇ ತಿಂಗಳಲ್ಲಿ ಚಿಗುರಿ ಸೆಪ್ಟೆಂಬರಿನ ಮೊದಲಲ್ಲಿ ಉದುರುತ್ತಿತ್ತು. ಫುಟ್‌ಬಾಲ್ ಲೀಗ್ ಆಗಸ್ಟ್ ಕೊನೆಗೆ ಮೊದಲಾಗಿ ಮೇ ತಿಂಗಳ ಆರಂಭಕ್ಕೆ ಮುಗಿಯುತ್ತಿತ್ತು. ನಡುವೆ ಕೆಲವು ವಾರಗಳ ತಿಕ್ಕಾಟ ಬಿಟ್ಟರೆ ವರ್ಷವೆಂಬ ಹಣ್ಣನ್ನು ಎರಡು ಹೋಳು ಮಾಡಿದಂತೆಯೇ ಸರಿ.

ಪಂಚಾಂಗ ಅನುಕೂಲ ಮಾಡಿಕೊಟ್ಟರೆ, ಹೊಟ್ಟೆ ಒತ್ತಾಯ ಮಾಡಿತು. ಆ ಕಾಲದ ಕ್ರಿಕೆಟಿನಲ್ಲಿ ಎರಡು ಜಾತಿಗಳಿದ್ದುವು: ಸಂಬಳವಿಲ್ಲದೆ ಆಡುವ ‘ಹವ್ಯಾಸಿ’ಗಳು, ಕೂಲಿಗೆ ಆಡುವ ‘ವೃತ್ತಿಪರರು’. ಹವ್ಯಾಸಿಯ ಹೆಸರಿನ ಹಿಂದೆ ಇನಿಷಿಯಲುಗಳು, ವೃತ್ತಿಪರನಿಗೆ ಬರಿಯ ಅಡ್ಡಹೆಸರು. ಎಷ್ಟೋ ಮೈದಾನಗಳಲ್ಲಿ ಬಟ್ಟೆ ಬದಲಾಯಿಸುವ ಕೋಣೆಗಳೂ ಬೇರೆ ಬೇರೆ. ಈ ಪಂಕ್ತಿಭೇದ ಅಳಿದದ್ದು 1962ರ ಕೊನೆಯಲ್ಲಿ. ವೃತ್ತಿಪರರಲ್ಲಿ ಅನೇಕರಿಗೆ ಬೇಸಿಗೆ ಮುಗಿದರೆ ಸಂಬಳವೂ ಮುಗಿಯಿತು. ಚಳಿಗಾಲಕ್ಕೆ ಬೇರೆ ಕೆಲಸ ಹುಡುಕಲೇಬೇಕು. ಫುಟ್‌ಬಾಲನ್ನೇ ನೆಚ್ಚಿಕೊಳ್ಳೋಣವೆಂದರೆ ಅಲ್ಲಿಯೂ ಬೇಲಿ. 1901ರಿಂದಲೇ ಲೀಗಿನ ಆಟಗಾರನಿಗೆ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಕಟ್ಟಳೆಯಿತ್ತು. ಆಗ ವಾರಕ್ಕೆ 4 ಪೌಂಡು. 1947ರಲ್ಲಿ ಚಳಿಗಾಲಕ್ಕೆ 12. ಏರಿ ಏರಿ 1958ರಲ್ಲಿ 20. ಎಂಥ ಪ್ರಚಂಡನಾದರೂ ಅಷ್ಟೆ. ಆಟಗಾರರ ಸಂಘ ಮುಷ್ಕರದ ಮಾತೆತ್ತಿದ ಮೇಲೆ 1961ರ ಜನವರಿಯಲ್ಲಿ ಆ ಕಟ್ಟಳೆ ಬಿದ್ದುಹೋಯಿತು. ಎರಡು ಆಟಗಳ ಸವ್ಯಸಾಚಿಗಳೆಂದು ನಾವು ಹಾಡಿ ಹೊಗಳುವವರಲ್ಲಿ ಎಷ್ಟೋ ಮಂದಿಯ ಸವ್ಯಸಾಚಿತ್ವದ ಬೇರು ಈ ಲೆಕ್ಕಪುಸ್ತಕದಲ್ಲಿತ್ತು.

ವಾಟ್ಕಿನ್ಸ್ 1939ರಲ್ಲಿ, ಹದಿನೇಳರ ಹರೆಯದಲ್ಲಿ, ಗ್ಲಮಾರ್ಗನ್ನಿಗೆ ಆಡಿದ. ಆ ಬೇಸಿಗೆ ಮುಗಿಯುವುದರೊಳಗಾಗಿ ಯುದ್ಧ ಬಂತು. ಆರು ಬೇಸಿಗೆಗಳು, ಆಟಗಾರನೊಬ್ಬನ ಬೆಳೆಯುವ ವಯಸ್ಸಿನ ಆರು ಬೇಸಿಗೆಗಳು, ಕೌಂಟಿ ಪಂದ್ಯಗಳಿಲ್ಲದೆ ಕಳೆದುಹೋದುವು. ಯುದ್ಧ ಮುಗಿದು ಮೈದಾನಗಳಿಗೆ ಜನ ಮರಳಿದಾಗ ಆತನಿಗೆ ಇಪ್ಪತ್ತನಾಲ್ಕು. ಪ್ಲಿಮತ್ ಆರ್ಗೈಲ್ ಮತ್ತು ಕಾರ್ಡಿಫ್ ಸಿಟಿ ಎಂಬ ಎರಡು ಫುಟ್‌ಬಾಲ್ ತಂಡಗಳ ಬಳಗದಲ್ಲಿ ಆತನ ಹೆಸರಿತ್ತು. ಆದರೆ ಫುಟ್‌ಬಾಲಿನಲ್ಲಿ ಆತ ಶಿಖರ ಮುಟ್ಟಲಿಲ್ಲ; ವೇಲ್ಸ್ ರಾಷ್ಟ್ರೀಯ ತಂಡದ ಕೆಂಪು ಅಂಗಿ ಆತನ ಮೈಯೇರಲಿಲ್ಲ. ತನ್ನ ನಾಡಿಗೆ ಸ್ವಂತ ಹೆಸರಿದ್ದ ಆಟದಲ್ಲಿ ಆತನಿಗೆ ಹಿಂದಿನ ಸಾಲು. ಸ್ವಂತ ಹೆಸರಿಲ್ಲದ ಆಟದಲ್ಲಿ ಮುಂದಿನ ಸಾಲು. ವಿಧಿಯ ಹಂಚಿಕೆ ಎನ್ನೋಣವೆ?

ಕ್ರಿಕೆಟಿನಲ್ಲಿ ಆತ ಎಡಗೈ ಬ್ಯಾಟ್ಸ್‌ಮನ್, ಎಡಗೈಯ ಮಧ್ಯಮ ವೇಗದ ಬೌಲರ್. ಆದರೆ ಜನ ಬೆರಗಾಗುತ್ತಿದ್ದದ್ದು ಆತ ಷಾರ್ಟ್ ಲೆಗ್ಗಿನಲ್ಲಿ ನಿಂತಾಗ. ಬ್ಯಾಟ್ಸ್‌ಮನ್ನಿನ ಕೈಗೆ ಎಟುಕುವಷ್ಟು ಹತ್ತಿರದ ಜಾಗ ಅದು. ಈಗಿನಂತೆ ತಲೆಗೆ ಟೋಪಿ, ಮೊಣಕಾಲಿಗೆ ಕವಚ ಯಾವುದೂ ಇಲ್ಲದ ಕಾಲ. ಬ್ಯಾಟಿನಿಂದ ಚಿಮ್ಮಿದ ಚೆಂಡು ಕಣ್ಣಿಗೆ ಬೀಳುವ ಮೊದಲೇ ಮೈ ಅತ್ತ ಹೊರಳಿರಬೇಕು. ಕಾಲುಗಳ ಆ ಚುರುಕಿಗೆ ಚಳಿಗಾಲದ ಆಟ ಎಷ್ಟು ಕೂಡಿಕೊಟ್ಟಿತೋ ಅಳೆಯಲಾಗದು. ಎರಡು ದೋಣಿಗಳ ನಡುವೆ ಸಾಗುವ ಸರಕಿಗೆ ರಸೀತಿ ಇರುವುದಿಲ್ಲ.

1948ರಲ್ಲಿ ಗ್ಲಮಾರ್ಗನ್ ಮೊದಲ ಸಲ ಕೌಂಟಿ ಚಾಂಪಿಯನ್ ಆಯಿತು. ಪಂಕ್ತಿಯ ಕಡೆಯಲ್ಲಿ ಕುಳಿತವನಿಗೆ ಮೊದಲ ಎಲೆ ಬಡಿಸಿದಂತಾಯಿತು. ಆ ತಂಡದಲ್ಲಿ ಭಾರಿ ಹೆಸರಿನವರು ಕಡಿಮೆ. ನಾಯಕ ವಿಲ್ಫ್ ವೂಲರ್, ಜಪಾನೀಯರ ಸೆರೆಯಲ್ಲಿ ಯುದ್ಧಕಾಲವನ್ನು ಕಳೆದು ಬಂದವನು; ಆತನದು ಒಂದೇ ಸೂತ್ರ: ಹತ್ತಿರ ನಿಲ್ಲಿ, ಬಂದದ್ದನ್ನು ಬಿಡಬೇಡಿ. ಸ್ಪಿನ್ ಬೌಲರುಗಳ ಸುತ್ತ ವೂಲರ್, ವಾಟ್ಕಿನ್ಸ್, ಫಿಲ್ ಕ್ಲಿಫ್ಟ್ ಮೂವರೂ ಬಲೆ ಹೆಣೆದಂತೆ ನಿಲ್ಲುತ್ತಿದ್ದರು. ಆಗಸ್ಟ್ 24ರಂದು ಬೋರ್ನ್‌ಮತ್ ಊರಿನಲ್ಲಿ ಹ್ಯಾಂಪ್‌ಷೈರಿನ ಕಡೆಯ ವಿಕೆಟ್ಟನ್ನು ಐವತ್ತು ವರ್ಷದ ಜಾನಿ ಕ್ಲೇ ಎಲ್.ಬಿ. ಮಾಡಿದಾಗ, ಬೆರಳೆತ್ತಿ ತೀರ್ಪು ಕೊಟ್ಟ ಅಂಪೈರ್ ಡೈ ಡೇವಿಸ್ ಹಿಂದೆ ಅದೇ ಗ್ಲಮಾರ್ಗನ್ನಿಗೆ ಆಡಿದ್ದವನು! ಆ ಬೆರಳು ಎಷ್ಟು ಉತ್ಸಾಹದಿಂದ ಮೇಲೆದ್ದಿತೆಂಬುದರ ಮೇಲೆ ವೇಲ್ಸಿನವರು ಇಂದಿಗೂ ಕಥೆ ಕಟ್ಟಿ ನಗುತ್ತಾರೆ.

ಇದೇ ತಿಂಗಳು ವಾಟ್ಕಿನ್ಸನಿಗೆ ಇಂಗ್ಲೆಂಡಿನ ಕರೆಯೂ ಬಂತು. ಓವಲ್ ಮೈದಾನದ ಆ ಟೆಸ್ಟನ್ನು ಲೋಕವೆಲ್ಲ ನೆನೆಯುವುದು ಬ್ರಾಡ್‌ಮನ್ನನ ಕಡೆಯ ಟೆಸ್ಟೆಂದು, ಆತ ಸೊನ್ನೆಗೆ ಔಟಾದ ಟೆಸ್ಟೆಂದು. ಆ ದಿನ ಮೈದಾನದಲ್ಲಿದ್ದ ಹನ್ನೊಂದು ಜನರಲ್ಲಿ ವಾಟ್ಕಿನ್ಸನೂ ಒಬ್ಬ. ಆದರೆ ಆತನ ಪಾಲಿಗೆ ಸಂತೋಷ ಅಷ್ಟರಲ್ಲೇ ಮುಗಿಯಿತು. ಇಂಗ್ಲೆಂಡ್ ಮೊದಲ ಸರದಿಯಲ್ಲಿ 52 ರನ್ನಿಗೆ ಕುಸಿಯಿತು. ಲಿಂಡ್‌ವಾಲನ ಚೆಂಡು ಈತನ ಭುಜಕ್ಕೆ ಬಡಿದು ನೋವಾಯಿತು. ಎರಡು ಸರದಿಗಳಲ್ಲಿ ಈತ ಹೊಡೆದದ್ದು ಸೊನ್ನೆ ಮತ್ತು ಎರಡು. ಬ್ರಾಡ್‌ಮನ್ನನ ಸೊನ್ನೆ ಚರಿತ್ರೆಯಾಯಿತು. ವಾಟ್ಕಿನ್ಸನ ಸೊನ್ನೆಯನ್ನು ಕೇಳುವವರಿರಲಿಲ್ಲ.

ಆದರೂ ಆಯ್ಕೆ ಮಾಡುವವರು ಆತನನ್ನು ಕೈಬಿಡಲಿಲ್ಲ. ಆ ಚಳಿಗಾಲ ಆತ ದಕ್ಷಿಣ ಆಫ್ರಿಕಕ್ಕೆ ಹೊರಟ. ಚಳಿಗಾಲದ ಪ್ರವಾಸಕ್ಕೆ ಹೊರಟವನಿಗೆ ಚಳಿಗಾಲದ ಆಟಕ್ಕೆ ಬಿಡುವೆಲ್ಲಿ? ಒಂದು ದೋಣಿ ತಾನಾಗಿಯೇ ದೂರ ಸರಿಯತೊಡಗಿತು. ಡರ್ಬನ್ನಿನ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕದ ನಾಯಕ ಡಡ್ಲಿ ನೂರ್ಸನನ್ನು ಷಾರ್ಟ್ ಲೆಗ್ಗಿನಲ್ಲಿ ಆತ ಹಿಡಿದ ಕ್ಯಾಚು ಬಹುಕಾಲ ಜನರ ಬಾಯಲ್ಲಿ ಉಳಿಯಿತು. 1949ರ ಫೆಬ್ರವರಿಯಲ್ಲಿ ಜೋಹಾನ್ಸ್‌ಬರ್ಗಿನಲ್ಲಿ 111 ರನ್ ಹೊಡೆದ. ಇಂಗ್ಲೆಂಡಿನ ಪರವಾಗಿ ಟೆಸ್ಟ್ ಶತಕ ಬಾರಿಸಿದ ಗ್ಲಮಾರ್ಗನ್ನಿನ ಮೊದಲಿಗ ಆತನೇ.

ಇನ್ನು ದೆಹಲಿಯ ಕಥೆ. 1951ರ ನವೆಂಬರಿನಲ್ಲಿ ನೈಜೆಲ್ ಹೋವರ್ಡನ ನಾಯಕತ್ವದಲ್ಲಿ ಎಂ.ಸಿ.ಸಿ. ತಂಡ ಭಾರತಕ್ಕೆ ಬಂದಿತ್ತು. ಹಟನ್, ಕಾಂಪ್ಟನ್, ಬೆಡ್ಸರ್ ಮೊದಲಾದ ಅತಿರಥರು ಬಂದಿರಲಿಲ್ಲ. ಭಾರತ 1932ರಿಂದ ಟೆಸ್ಟ್ ಆಡುತ್ತಿದ್ದರೂ ಒಂದೇ ಒಂದು ಗೆಲುವು ಕಂಡಿರಲಿಲ್ಲ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು. ಆಳಿದವರನ್ನು ಅವರದೇ ಆಟದಲ್ಲಿ ಮಣಿಸುವ ಆಸೆ ಎಷ್ಟಿದ್ದೀತೆಂದು ಬಿಡಿಸಿ ಹೇಳಬೇಕಿಲ್ಲ. ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಆ ಆಸೆ ಕೈಗೆಟುಕುವಷ್ಟು ಸಮೀಪ ಬಂತು. ಸದಾಶಿವ ಶಿಂಧೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 203ಕ್ಕೆ ಮುಗಿಸಿದ. ವಿಜಯ ಮರ್ಚೆಂಟ್ 154, ನಾಯಕ ವಿಜಯ ಹಜಾರೆ ಔಟಾಗದೆ 164; ಭಾರತ 6 ವಿಕೆಟ್ಟಿಗೆ 418 ಮಾಡಿ ಸರದಿ ಬಿಟ್ಟುಕೊಟ್ಟಿತು. ಇಂಗ್ಲೆಂಡ್ 215 ರನ್ ಹಿಂದೆ ಬಿದ್ದಿತ್ತು. ಇನ್ನೇನು, ಮೊದಲ ಗೆಲುವು ಬಾಗಿಲಿಗೆ ಬಂದಿತೆಂದೇ ತೋರಿತು.

ಆ ಬಾಗಿಲಿಗೆ ಅಡ್ಡ ನಿಂತವನು ವಾಟ್ಕಿನ್ಸ್. ಸುಮಾರು ಒಂಬತ್ತು ಗಂಟೆ ಕಾಲ ಆತ ಅಲುಗಲಿಲ್ಲ. ಡೊನಾಲ್ಡ್ ಕಾರ್ ಎಂಬವನು ಬಹಳ ಹೊತ್ತು ಜೊತೆ ಕೊಟ್ಟು 76 ಹೊಡೆದ. ಮಂಕಡ್, ಶಿಂಧೆ ತಿರುತಿರುಗಿ ಚೆಂಡು ಹಾಕಿದರು. ಹೊಡೆಯಬೇಕಾದ್ದನ್ನು ಹೊಡೆದು, ಬಿಡಬೇಕಾದ್ದನ್ನು ಬಿಟ್ಟು, ಆತ ನಿಂತೇ ಇದ್ದ. ಆಟ ಮುಗಿದಾಗ ಇಂಗ್ಲೆಂಡ್ 6 ವಿಕೆಟ್ಟಿಗೆ 368. ವಾಟ್ಕಿನ್ಸ್ ಔಟಾಗದೆ 137. ಪಂದ್ಯ ಸಮವಾಯಿತು. ಆ ಇನಿಂಗ್ಸಿನಲ್ಲಿ ಕಣ್ಣು ಕೋರೈಸುವ ಸೊಬಗನ್ನು ಹುಡುಕುವುದು ವ್ಯರ್ಥ. ಅದು ಕೂಲಿಯವನ ಇನಿಂಗ್ಸು. ಒಪ್ಪಿಕೊಂಡ ಕೆಲಸವನ್ನು ಹೊತ್ತು ಮುಳುಗುವ ತನಕ ಮಾಡಿ ಮುಗಿಸಿದವನದು. ಈಗ ನೆನೆದರೆ ಒಂದು ವಿಷಯ ಮನಸ್ಸಿಗೆ ತಟ್ಟುತ್ತದೆ. ಭಾರತದ ಮೊದಲ ಗೆಲುವನ್ನು ಆ ದಿನ ತಡೆದವನು ಇಂಗ್ಲೆಂಡಿನವನಲ್ಲ. ಶತಮಾನಗಳ ಹಿಂದೆ ಇಂಗ್ಲೆಂಡು ತನ್ನೊಳಗೆ ಕರಗಿಸಿಕೊಳ್ಳಲು ಹೊರಟಿದ್ದ ಇನ್ನೊಂದು ನಾಡಿನವನು. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿ ಇರುವುದು ‘ಇಂಗ್ಲೆಂಡ್’ ಎಂಬ ಒಂದೇ ಹೆಸರು.

ನಮ್ಮ ಗೆಲುವು ಮೂರು ತಿಂಗಳು ತಡವಾಯಿತು, ಅಷ್ಟೆ. 1952ರ ಫೆಬ್ರವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ಐದನೆಯ ಟೆಸ್ಟ್. ಪಂದ್ಯ ತೊಡಗಿದ 6ನೆಯ ತಾರೀಖಿನಂದೇ ದೊರೆ ಆರನೆಯ ಜಾರ್ಜ್ ತೀರಿಕೊಂಡ ಸುದ್ದಿ ಬಂತು. ಮರುದಿನ ಆಟಕ್ಕೆ ಬಿಡುವು ಕೊಟ್ಟರು. ವಿನೂ ಮಂಕಡ್ ಎರಡು ಸರದಿಗಳಲ್ಲಿ 8 ಮತ್ತು 4 ವಿಕೆಟ್ ಪಡೆದ. ಪಂಕಜ್ ರಾಯ್, ಪಾಲಿ ಉಮ್ರಿಗರ್ ಶತಕ ಬಾರಿಸಿದರು. 10ನೆಯ ತಾರೀಖು ಭಾರತ ಒಂದು ಇನಿಂಗ್ಸ್ ಮತ್ತು 8 ರನ್ನುಗಳಿಂದ ಗೆದ್ದಿತು. ಇಂಗ್ಲೆಂಡಿನ ಆ ಕಡೆಯ ಸರದಿಯಲ್ಲಿಯೂ ವಾಟ್ಕಿನ್ಸ್ 48 ಹೊಡೆದು ಸೋಲನ್ನು ಮುಂದೂಡಲು ನೋಡಿದ್ದ. ಈ ಸಲ ಬಾಗಿಲು ಸರಿಯಿತು. ಗೆಲುವಿಗೆ ಬೆಲೆ ಬರುವುದು ಎದುರಾಳಿ ಗಟ್ಟಿಯಾಗಿದ್ದಾಗ. ಆ ಲೆಕ್ಕದಲ್ಲಿ ನಮ್ಮ ಮೊದಲ ಗೆಲುವಿಗೆ ಬೆಲೆ ಕಟ್ಟಿದವರಲ್ಲಿ ಈತನೂ ಒಬ್ಬ.

ಮರುಬೇಸಿಗೆಯಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಮೂರು ಟೆಸ್ಟುಗಳಲ್ಲಿ ಆಡಿದ ವಾಟ್ಕಿನ್ಸನಿಗೆ ಮತ್ತೆ ಟೆಸ್ಟಿನ ಕರೆ ಬರಲಿಲ್ಲ. ಒಟ್ಟು 15 ಟೆಸ್ಟುಗಳು, 810 ರನ್ನುಗಳು, ಸರಾಸರಿ 40.50. ಇದಕ್ಕಿಂತ ಕಡಿಮೆ ಸರಾಸರಿಯವರು ಇದಕ್ಕಿಂತ ಹೆಚ್ಚು ಟೆಸ್ಟುಗಳನ್ನು ಆಡಿರುವುದುಂಟು. ಆತ ಗೊಣಗಿಕೊಂಡು ಕೂರದೆ ಗ್ಲಮಾರ್ಗನ್ನಿಗೆ ಮರಳಿ, 1960ರ ದಶಕ ಕಾಲಿಡುವ ತನಕ ಆಡಿದ. 1954 ಮತ್ತು 1955ರಲ್ಲಿ ಒಂದೊಂದು ಬೇಸಿಗೆಯಲ್ಲಿ ಸಾವಿರ ರನ್, ನೂರು ವಿಕೆಟ್ ಗಳಿಸಿದ. ಪ್ರಥಮ ದರ್ಜೆಯ ಆಟದಲ್ಲಿ ಒಟ್ಟು 20 ಸಾವಿರಕ್ಕೆ ಮೀರಿದ ರನ್ನುಗಳು, 800ಕ್ಕೂ ಹೆಚ್ಚು ವಿಕೆಟ್ಟುಗಳು, 450ಕ್ಕೂ ಹೆಚ್ಚು ಕ್ಯಾಚುಗಳು. ಆಟ ಬಿಟ್ಟ ಮೇಲೆ ಶಾಲೆಯ ಹುಡುಗರಿಗೆ ಕ್ರಿಕೆಟ್ ಕಲಿಸಿದ. 2011ರ ಆಗಸ್ಟಿನಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ.

ಎರಡು ಆಟಗಳ ಆ ಸಂತತಿ ಆತನ ಕಣ್ಣೆದುರಿಗೇ ಕರಗಿಹೋಯಿತು. ಸಂಬಳದ ಬೇಲಿ ಬಿದ್ದ ಮೇಲೆ ಫುಟ್‌ಬಾಲಿಗ ಫುಟ್‌ಬಾಲಿನಿಂದಲೇ ಬದುಕಬಲ್ಲವನಾದ. ಎರಡು ಋತುಗಳೂ ಹಿಗ್ಗಿ ಒಂದರ ಮೇಲೊಂದು ಹತ್ತಿಕೊಂಡುವು. ಇಂಗ್ಲೆಂಡಿಗೆ ಎರಡೂ ಆಟಗಳನ್ನು ಆಡಿದವರಲ್ಲಿ ಕಡೆಯವನಾದ ಆರ್ಥರ್ ಮಿಲ್ಟನ್ 1958ರಲ್ಲಿ ತನ್ನ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ. ಅಂಥ ಇನ್ನೊಬ್ಬ ಬರಲಿಲ್ಲ. ಅದೇ 1958ರಲ್ಲಿ ವೇಲ್ಸ್ ಫುಟ್‌ಬಾಲ್ ತಂಡ ಸ್ವೀಡನ್ನಿನ ವಿಶ್ವಕಪ್ಪಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿ, ಬ್ರೆಜಿಲಿನ ಎದುರು ಹದಿನೇಳು ವರ್ಷದ ಪೆಲೆ ಹೊಡೆದ ಒಂದೇ ಗೋಲಿನಿಂದ ಸೋತಿತು. ಆ ಸೋಲನ್ನು ಅಲ್ಲಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ, ಏಕೆಂದರೆ ಅದು ಅವರ ಹೆಸರಿನ ಸೋಲು.

ಕ್ರಿಕೆಟಿನಲ್ಲಿ ಸನ್ನಿವೇಶ ಹೆಚ್ಚು ಬದಲಾಗಿಲ್ಲ. 1972ರ ಡಿಸೆಂಬರಿನಲ್ಲಿ ಅದೇ ಕೋಟ್ಲಾ ಮೈದಾನದಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 79 ರನ್ನಿಗೆ 8 ವಿಕೆಟ್ ಉರುಳಿಸಿದರೂ, ಕ್ರಿಸ್‌ಮಸ್ ದಿನ ಪಂದ್ಯವನ್ನು ಇಂಗ್ಲೆಂಡ್ ಗೆದ್ದಿತು. ಔಟಾಗದೆ 70 ಹೊಡೆದು ಗೆಲ್ಲಿಸಿದ ಇಂಗ್ಲೆಂಡಿನ ನಾಯಕ ಟೋನಿ ಲೂಯಿಸ್, ಮತ್ತೆ ಗ್ಲಮಾರ್ಗನ್ನಿನವನೇ! 1997ರಲ್ಲಿ ಆಡಳಿತ ಸಂಸ್ಥೆಗೆ ‘ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ’ ಎಂದು ಹೆಸರಿಟ್ಟರು. ಆದರೆ ಅದನ್ನು ಚಿಕ್ಕದಾಗಿ ಕರೆಯುವಾಗ ‘ಇ.ಸಿ.ಬಿ.’ ಎನ್ನುತ್ತಾರೆ; ವೇಲ್ಸಿನ ಅಕ್ಷರ ಅಲ್ಲಿ ಬಿಟ್ಟುಹೋಗಿದೆ. ತಂಡದ ಹೆಸರಂತೂ ಇಂಗ್ಲೆಂಡೇ.

ಆದ್ದರಿಂದ ಗಾದೆಯನ್ನು ವಾಟ್ಕಿನ್ಸನಿಗೆ ಹಚ್ಚುವ ಮುನ್ನ ಸ್ವಲ್ಪ ತಡೆಯಬೇಕು. ಎರಡು ಆಟಗಳ ದೋಣಿಯನ್ನು ಹತ್ತಿಸಿದ್ದು ಆ ಕಾಲದ ಕೂಲಿ. ಎರಡು ನಾಡುಗಳ ದೋಣಿಯನ್ನು ಹತ್ತಿಸಿದ್ದು ಹಳೆಯ ಅರಸರ ಕಾಯಿದೆ. ಆತ ತಾನಾಗಿ ಆರಿಸಿಕೊಂಡದ್ದು ಒಂದನ್ನೇ: ನಿಂತ ಕಡೆ ಗಟ್ಟಿಯಾಗಿ ನಿಲ್ಲುವುದನ್ನು. ದೆಹಲಿಯಲ್ಲಿ ಆ ಒಂಬತ್ತು ಗಂಟೆ ಆತನನ್ನು ಕದಲಿಸಲು ನೋಡಿ ಸೋತವರು ನಮ್ಮವರೇ ಆದ್ದರಿಂದ, ಈ ಮಾತಿಗೆ ಸಾಕ್ಷಿ ಹೇಳಲು ನಮಗಿಂತ ಅರ್ಹರು ಬೇರೆ ಯಾರು?